ಕರೆಂಟ್ ಲೈನಿಂದ ಹತ್ತಿದ ಕಾಡ್ಗಿಚ್ಚು: ಪರಿಹಾರ ಕೇಳೋರು ಗಮನಿಸಬೇಕಾದ್ದು

ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿಗೆ ಮನೆ ಕಳ್ಕೊಂಡೋರು ನಮ್ಮಂಥ ಲಾಯರಿಗೆ ಫೋನ್ ಮಾಡಿದ್ರೆ ಮೊದಲು ಕೇಳೋದು ಒಂದೇ, "ಸಾರ್, ಅಷ್ಟು ದೊಡ್ಡ ಕಂಪನಿ, ಅವರದ್ದೇ ತಪ್ಪು ಅಂತ ನಾವು ಹೆಂಗೆ ಸಾಬೀತು ಮಾಡೋದು?" ಆ ಚಿಂತೇನ ನಮಗೆ ಬಿಡಿ ಅಂತೀನಿ. ಇಲ್ಲಿನ ರಾಜ್ಯ ಸಂವಿಧಾನದಲ್ಲೇ ಇದೆ, ಸಾರ್ವಜನಿಕರ ಉಪಯೋಗಕ್ಕೆ ಅಂತ ಒಬ್ಬರ ಆಸ್ತಿ ತಗೊಂಡ್ರೂ ಸರಿ ಹಾಳು ಮಾಡಿದ್ರೂ ಸರಿ ನ್ಯಾಯವಾದ ಬೆಲೆ ಕೊಡಬೇಕು ಅಂತ, ಊರಿಗೆಲ್ಲ ಕರೆಂಟ್ ಕೊಡೋ ಲೈನಿಂದ ನಿಮ್ಮ ಮನೆ ಸುಟ್ಟುಹೋದ್ರೂ ಅದೇ ಲೆಕ್ಕ, 1999ರ ಬಾರ್ಹಮ್ ತೀರ್ಪಲ್ಲಿ ಇದು ಖಾಸಗಿ ಕಂಪನಿಗೂ ಅನ್ವಯ ಆಗುತ್ತೆ ಅಂದ್ರು. ಇದಕ್ಕೆ ಇನ್ವರ್ಸ್ ಕಂಡೆಮ್ನೇಷನ್ ಅಂತಾರೆ. ಇದರಲ್ಲಿ ಕಂಪನಿ ಅಜಾಗರೂಕತೆ ಮಾಡ್ತು ಅಂತ ತೋರಿಸ್ಬೇಕಾಗಿಲ್ಲ, ಅವರ ತಂತಿ ಕಂಬದಿಂದಲೇ ಬೆಂಕಿ ಬಂತು ಅಂತ ನಿಂತ್ರೆ ಸಾಕು, ಗೆದ್ರೆ ಲಾಯರ್ ಫೀಸನ್ನೂ ಕೇಳಬಹುದು. ಆದ್ರೆ ಇದು ಆಸ್ತಿಗೆ ಮಾತ್ರ. ಗಾಯ, ಸಾವು, ಮನಸ್ಸಿಗಾದ ಆಘಾತ ಇದಕ್ಕೆಲ್ಲ ನಿರ್ಲಕ್ಷ್ಯ ತೋರಿಸ್ಲೇಬೇಕು.

ನಿರ್ಲಕ್ಷ್ಯ ಅಂದ್ರೆ ಎಂಥದ್ದು ಅಂತ ನೋಡ್ಬೇಕಾದ್ರೆ 2018ರ ಕ್ಯಾಂಪ್ ಫೈರ್ ಅನ್ನೋ ಕಾಡ್ಗಿಚ್ಚು ನೋಡಿ. ಹತ್ತಿರತ್ತಿರ ನೂರು ವರ್ಷದ ಟ್ರಾನ್ಸ್‌ಮಿಷನ್ ಲೈನು, ಟವರಲ್ಲಿ ತಂತಿ ಹಿಡ್ಕೊಂಡಿದ್ದ ಒಂದು ಕಬ್ಬಿಣದ ಕೊಂಡಿ ಸವೆದೂ ಸವೆದೂ ತುಂಡಾಯ್ತು, ತಂತಿ ಹೋಗಿ ಟವರಿಗೇ ತಾಗ್ತು, ಕಿಡಿ ಒಣಹುಲ್ಲಿಗೆ ಬಿತ್ತು. ಪ್ಯಾರಡೈಸ್ ಅನ್ನೋ ಇಡೀ ಊರು ಹೋಯ್ತು, 85 ಜನ ಸತ್ರು. 2020ರಲ್ಲಿ ಆ ಲೈನಿನ ಒಡೆಯ, ಪಿಜಿ ಅಂಡ್ ಇ ಅನ್ನೋ ಕರೆಂಟ್ ಕಂಪನಿ, ಕೋರ್ಟಲ್ಲಿ 84 ಜನರ ಸಾವಿಗೆ ತಾನೇ ಹೊಣೆ ಅಂತ ತಪ್ಪೊಪ್ಕೊಳ್ತು.

ಇಷ್ಟೆಲ್ಲ ಆದ್ಮೇಲೂ ಸಂತ್ರಸ್ತರಿಗೆ ಪೂರ್ತಿ ದುಡ್ಡು ಸಿಗ್ಲಿಲ್ಲ. ಕಂಪನಿ ಅಷ್ಟರಲ್ಲೇ ದಿವಾಳಿ ಅರ್ಜಿ ಹಾಕಿತ್ತು, 2015, 2017, 2018ರ ಬೆಂಕಿಗಳಿಗೆಲ್ಲ ಸೇರಿಸಿ ಸಂತ್ರಸ್ತರಿಗೆ ಹಂಚೋಕೆ 1,350 ಕೋಟಿ ಡಾಲರಿನ ಟ್ರಸ್ಟ್ ಆಯ್ತು, ಅದರಲ್ಲಿ ಅರ್ಧ ಅದೇ ಕಂಪನಿ ಷೇರು! ಮನೆ ಸುಟ್ಟ ಕಂಪನಿಯ ಷೇರು ಏರ್ಲಪ್ಪಾ ಅಂತ ಜನ ಬೇಡ್ಕೊಳ್ಳೋ ಸ್ಥಿತಿ. ಕೊನೆಗೆ ಒಪ್ಪಿದ ಮೊತ್ತದಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಕೈಗೆ ಬಂತು. ಕಂಪನಿ ದಿವಾಳಿ ಅರ್ಜಿ ಹಾಕಿದ ವರ್ಷವೇ, 2019ರಲ್ಲಿ, ರಾಜ್ಯ ಸರ್ಕಾರ ಬೇರೆಯೇ ಒಂದು ವೈಲ್ಡ್‌ಫೈರ್ ಫಂಡ್ ಮಾಡ್ತು, ಇನ್ನೊಂದು ಕಂಪನಿ ಹಿಂಗೆ ಮುಳುಗದೇ ಇರ್ಲಿ ಅಂತ.

ಸರಿ, ನಿಮ್ಮ ಕೈಲಿರೋ ಕೆಲಸ ಯಾವುದು ಅಂದ್ರೆ ಮನೇಲಿ ಏನೇನಿತ್ತು ಅನ್ನೋ ಪಟ್ಟಿ, ಬಹಳಷ್ಟು ಕೇಸಲ್ಲಿ ಮೊತ್ತ ಕರಗೋದು ಇಲ್ಲೇ. "ಅಡುಗೆಮನೆ ಸಾಮಾನು, 5,000 ಡಾಲರ್" ಅಂತ ಒಂದೇ ಸಾಲಲ್ಲಿ ಬರ್ಕೊಂಡು ಬರ್ತಾರೆ, ಎದುರಿನ ಲಾಯರ್ ಅದನ್ನ ಅರ್ಧಕ್ಕೆ ಇಳಿಸೋಕೆ ಎರಡು ನಿಮಿಷ ಬೇಡ. ಒಂದೊಂದೇ ರೂಮು, ಒಂದೊಂದೇ ಕಪಾಟು ನೆನಪು ಮಾಡ್ಕೊಂಡು ಬರೀಬೇಕು: ಯಾವ ಬ್ರ್ಯಾಂಡ್ ಮಿಕ್ಸಿ, ಎಷ್ಟು ಕುಕ್ಕರ್, ಎಷ್ಟು ವರ್ಷ ಹಳೇದು. ನಮ್ಮವರ ಮನೇಲಿ ಇನ್ನೊಂದು ಕಷ್ಟ, ಬೆಳ್ಳಿ ದೀಪ, ಅಮ್ಮ ಕೊಟ್ಟ ರೇಷ್ಮೆ ಸೀರೆ, ಮದುವೆ ಒಡವೆ, ಯಾವುದಕ್ಕೂ ರಸೀದಿ ಇರಲ್ಲ, ಇದ್ರೂ ಸುಟ್ಟಿರುತ್ತೆ. ಒಬ್ಬ ಕ್ಲೈಂಟ್ ಹಿಂಗೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು, ನಾನು ಊರಲ್ಲಿರೋ ಅಕ್ಕನಿಗೆ ಫೋನ್ ಮಾಡಿ ಅಂದೆ, ಪ್ರತಿ ವರ್ಷ ವರಮಹಾಲಕ್ಷ್ಮಿ ಪೂಜೆ ಫೋಟೋ ವಾಟ್ಸಾಪಲ್ಲಿ ಕಳಿಸ್ತಿದ್ರಲ್ಲ, ಅಕ್ಕನ ಫೋನಲ್ಲಿ ಎಲ್ಲ ಇತ್ತು: ಕಳಶದ ಪಕ್ಕ ದೀಪದ ಜೋಡಿ, ದೇವಿಗೆ ಹಾಕಿದ ಕಾಸಿನ ಸರ, ತಾರೀಕಿನ ಸಮೇತ. ಗೃಹಪ್ರವೇಶದ ವಿಡಿಯೋ ಇದ್ರಂತೂ ಗೋಡೆ, ನೆಲ, ಕಪಾಟು ಎಲ್ಲದಕ್ಕೂ ಸಾಕ್ಷಿ.

ಬಾಡಿಗೆಗೆ ಇರೋರು ನಮಗೇನು ಹಕ್ಕು ಅಂತ ಸುಮ್ಮನಿರ್ತಾರೆ, ಹಂಗಲ್ಲ, ಸಾಮಾನು ಸುಟ್ಟದ್ದು, ಹೋಟೆಲ್ ಖರ್ಚು ಎಲ್ಲಾ ಕೇಳಬಹುದು. ಇನ್ಶೂರೆನ್ಸ್ ಕೊಟ್ಟಷ್ಟನ್ನ ಮತ್ತೆ ಕಂಪನಿಯಿಂದ ತಗೊಳ್ಳಕ್ಕಾಗಲ್ಲ, ಅದನ್ನ ಇನ್ಶೂರೆನ್ಸಿನವರೇ ವಸೂಲಿ ಮಾಡ್ಕೊಳ್ತಾರೆ, ನೀವು ಕೇಳೋದು ಅವರು ಭರಿಸದ ಬಾಕಿ.

ಈಗ ಹೆಚ್ಚಿಗೆ ಬರೋ ಪ್ರಶ್ನೆ 2025ರ ಜನವರಿಯ ಈಟನ್ ಬೆಂಕಿದು. ಆಲ್ಟಡೀನಾದಲ್ಲಿ ಮನೆ ಹೋದವರಿಗೆ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಅನ್ನೋ ಕರೆಂಟ್ ಕಂಪನಿ ಕೋರ್ಟಿಗೆ ಹೋಗದೇ ನೇರ ಪರಿಹಾರದ ಸ್ಕೀಮ್ ತಂದಿದೆ. ಬೇಗ ದುಡ್ಡು ಬರುತ್ತೆ, ಕೆಲವರಿಗೆ ಅದೇ ಸರಿ, ವಯಸ್ಸಾದವರಿಗೆ ವರ್ಷಗಟ್ಲೆ ಕಾಯಿರಿ ಅಂತ ನಾನು ಹೇಳಲ್ಲ. ಆದ್ರೆ ಆಫರ್ ಒಪ್ಪಿ ರಿಲೀಸಿಗೆ, ಅಂದ್ರೆ ಇನ್ಮೇಲೆ ಏನೂ ಕೇಳಲ್ಲ ಅನ್ನೋ ಪತ್ರಕ್ಕೆ, ಸೈನ್ ಹಾಕಿದ್ಮೇಲೆ ಕೇಸ್ ಅಲ್ಲಿಗೆ ಮುಗೀತು, ಆಮೇಲೆ ಕಟ್ಟೋ ಖರ್ಚು ಜಾಸ್ತಿ ಆಯ್ತು ಅಂದ್ರೆ ಕೇಳೋರಿಲ್ಲ. ಕಂಟ್ರಾಕ್ಟರ್ ಎಸ್ಟಿಮೇಟ್ ಕೈಲಿಲ್ಲದೆ ಸೈನ್ ಹಾಕಬೇಡಿ. ಹಂಗೇ ಲಾಯರ್ ಜೊತೆ ಮಾಡ್ಕೊಳ್ಳೋ ಒಪ್ಪಂದದಲ್ಲಿ ಅವರ ಪರ್ಸೆಂಟೇಜ್ ಖರ್ಚು ಕಳೆದ ಮೇಲೋ ಮುಂಚೆಯೋ ಅಂತ ಓದಿ, ನಮ್ಮ ಕಸುಬಿನವರಿಗೆ ಈ ಮಾತು ಇಷ್ಟ ಆಗಲ್ಲ ಬಿಡಿ.

ಗಡುವು ಮಾತ್ರ ಮರೀಬೇಡಿ. ಖಾಸಗಿ ಕಂಪನಿ ಮೇಲಾದ್ರೆ ಸಾಮಾನ್ಯವಾಗಿ ಆಸ್ತಿಗೆ ಮೂರು ವರ್ಷ, ಗಾಯಕ್ಕೆ ಸಾವಿಗೆ ಎರಡು ವರ್ಷ. ಲಾಸ್ ಏಂಜಲಿಸ್ ಥರ ನಗರಾಡಳಿತವೇ ಕರೆಂಟ್ ಕೊಡ್ತಿದ್ರೆ ಗಾಯ, ಮನೆ ಸಾಮಾನು ಇದಕ್ಕೆಲ್ಲ ಆರೇ ತಿಂಗಳಲ್ಲಿ ಲಿಖಿತ ಕ್ಲೇಮ್ ಹಾಕಿರ್ಬೇಕು, ಅದಕ್ಕೇ ನಾನು ಬಂದವರನ್ನ ಮೊದಲು ಕೇಳೋದು ಕರೆಂಟ್ ಬಿಲ್ ಯಾರ ಹೆಸರಲ್ಲಿ ಬರ್ತಿತ್ತು, ಬೆಂಕಿ ಶುರುವಾದ ಜಾಗದ ಲೈನು ಯಾರದ್ದು ಅಂತ. ಎರಡೂ ಒಂದೇ ಇರ್ಬೇಕು ಅಂತೇನಿಲ್ಲ.