ಅದೇ ಟೈರ್, ಬೇರೆ ರಿಮ್: ಒಂದು ಉಜ್ಜುತ್ತದೆ, ಇನ್ನೊಂದು ಉಜ್ಜುವುದಿಲ್ಲ

ಚಿಕ್ಕಬಳ್ಳಾಪುರದಿಂದ ಗುಡಿಬಂಡೆ ಕಡೆ ಹೋಗುವಾಗ ಡಾಂಬರು ಬಿಟ್ಟು ಯಾವುದಾದರೂ ಬೆಟ್ಟದ ಬುಡಕ್ಕೆ ತಿರುಗಿ ನೋಡಿ. ದಾರಿ ತುಂಬ ಗುಂಡುಕಲ್ಲು, ಮಳೆನೀರು ಕೊರೆದ ಕೊರಕಲು. ಅಂಥ ಒಂದು ದಾರಿಯಲ್ಲಿ ಅಕ್ಕನ ಮಗ ತನ್ನ ಮಾರುತಿ ಜಿಮ್ನಿ ಜೀಪಿನ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದ. ಬಲಗಡೆ ಮುಂಚಕ್ರದ ಹತ್ತಿರ ಗರ್ರ್ ಅಂತ ಸದ್ದು ಬಂತು. ಇಳಿದು ನೋಡಿದರೆ ಬಂಪರಿನ ಒಳ ಅಂಚು ಬೆಳ್ಳಗೆ ತೇದುಹೋಗಿತ್ತು, ಟೈರಿನ ಹೊರಗಿನ ಬಟನ್‌ಗಳ ಸಂದಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳು ಸಿಕ್ಕಿಕೊಂಡಿದ್ದವು.

"ಮಾವ, ನನ್ನ ಫ್ರೆಂಡ್ ಗಾಡೀಲೂ ಇದೇ ಸೈಜ್ ಟೈರ್ ಇದೆ. ಅವನದು ಎಲ್ಲೂ ತಾಗಲ್ಲ. ನಂದು ಮಾತ್ರ ಯಾಕೆ?" ಅಂದ.

ಒಳ್ಳೆಯ ಪ್ರಶ್ನೆ. ಇಬ್ಬರದೂ 215/75 ಆರ್15 ಟೈರೇ. ಅಂದರೆ ಅಗಲ 215 ಮಿ.ಮೀ., ಪಕ್ಕದ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಒಳಗಿನ ರಿಮ್ಮಿನ ವ್ಯಾಸ 15 ಇಂಚು. ವ್ಯತ್ಯಾಸ ಇದ್ದದ್ದು ರಿಮ್ಮಿನಲ್ಲಿ. ಫ್ರೆಂಡ್ ಕಂಪನಿಯ ರಿಮ್ಮನ್ನೇ ಉಳಿಸಿಕೊಂಡಿದ್ದ. ಇವನು ನೋಡೋಕೆ ಚೆನ್ನಾಗಿದೆ ಅಂತ ಅಗಲವಾದ ಅಲಾಯ್ ರಿಮ್ ಹಾಕಿಸಿದ್ದ. ಅಂಗಡಿಯಲ್ಲಿ ನಟ್ ಕೂರುತ್ತದೆಯಾ ಅಂತ ನೋಡಿದರೇ ಹೊರತು ಟೈರ್ ಎಲ್ಲಿ ಬಂದು ನಿಲ್ಲುತ್ತದೆ ಅಂತ ಯಾರೂ ಅಳೆಯಲಿಲ್ಲ.

ಮೊದಲು ರಿಮ್ ಅಗಲದ ವಿಷಯ. ರಿಮ್ ಮೇಲೆ 7ಜೆ ಅಂತ ಇದ್ದರೆ ಆ 7 ಇಂಚು ಅನ್ನುವುದು ಈ ತುದಿಯಿಂದ ಆ ತುದಿಗೆ ಅಲ್ಲ. ಟೈರಿನ ಬೀಡ್, ಅಂದರೆ ಒಳಗೆ ತಂತಿ ಇರುವ ಗಟ್ಟಿ ಅಂಚು, ಎರಡೂ ಕಡೆ ಎಲ್ಲಿ ಕೂರುತ್ತದೋ ಅಷ್ಟರ ನಡುವಿನ ಅಳತೆ. ಹೊರತುದಿಯಿಂದ ಹೊರತುದಿಗೆ ಟೇಪು ಹಿಡಿದರೆ ಸುಮಾರು 8 ಇಂಚು ಬರುತ್ತದೆ. ಈ ಒಂದು ಇಂಚನ್ನು ಮರೆತು ಲೆಕ್ಕ ಹಾಕಿದರೆ ಮುಂದಿನದೆಲ್ಲ ತಪ್ಪುತ್ತದೆ.

ಇನ್ನು ಬ್ಯಾಕ್‌ಸ್ಪೇಸಿಂಗ್. ರಿಮ್ಮನ್ನು ಮುಖ ಕೆಳಗೆ ಮಾಡಿ ಒಂದು ಗೋಣಿಚೀಲದ ಮೇಲೆ ಮಲಗಿಸಿ. ಈಗ ಮೇಲೆ ಕಾಣುವುದು ಗಾಡಿಯ ಒಳಗಡೆಗೆ ಬರುವ ಭಾಗ. ಅದರ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರವಾದ ಕೋಲು ಇಡಿ. ಗಾಡಿಯ ಹಬ್ಬಿಗೆ (ರಿಮ್ಮನ್ನು ನಟ್ ಹಾಕಿ ಬಿಗಿಯುವ ಭಾಗ) ಅಂಟಿಕೊಂಡು ಕೂರುವ ಸಪಾಟು ಜಾಗ ಕೆಳಗೆ ಇರುತ್ತದೆ ಅಲ್ವಾ, ಅಲ್ಲಿಂದ ಕೋಲಿನ ತಳದವರೆಗೆ ಎಷ್ಟಿದೆಯೋ ಅದೇ ಬ್ಯಾಕ್‌ಸ್ಪೇಸಿಂಗ್. ಇದು ಜಾಸ್ತಿ ಆದಷ್ಟೂ ಚಕ್ರ ಒಳಗೆ ಸರಿಯುತ್ತದೆ, ಕಡಿಮೆ ಆದಷ್ಟೂ ಹೊರಗೆ ಚಾಚುತ್ತದೆ. ಇದನ್ನೇ ರಿಮ್ಮಿನ ನಡುಗೆರೆಯಿಂದ ಅಳೆದರೆ ಆಫ್‌ಸೆಟ್. ಆ ಸಪಾಟು ಜಾಗ ನಡುಗೆರೆಗಿಂತ ಹೊರಮುಖದ ಕಡೆ ಇದ್ದರೆ +, ಒಳಗಡೆಗೆ ಇದ್ದರೆ −. ರಿಮ್ ಮೇಲೆ ಇಟಿ ಅಂತ ಅಚ್ಚು ಹಾಕಿ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ.

ಹುಡುಗನ ಗಾಡಿಯ ಲೆಕ್ಕವನ್ನೇ ಮಾಡೋಣ. ಜಿಮ್ನಿಗೆ ಕಂಪನಿ ಕೊಡುವ ಟೈರ್ 195/80 ಆರ್15. ರಿಮ್ 5.5 ಇಂಚು, ಆಫ್‌ಸೆಟ್ +5. ತುದಿಯಿಂದ ತುದಿಗೆ ಸುಮಾರು 165 ಮಿ.ಮೀ. ಅದರ ಅರ್ಧಕ್ಕೆ 5 ಕೂಡಿಸಿದರೆ ಬ್ಯಾಕ್‌ಸ್ಪೇಸಿಂಗ್ ಹತ್ತಿರ ಹತ್ತಿರ 87. ಇವನು ಹಾಕಿಸಿದ್ದು 7 ಇಂಚು, ಆಫ್‌ಸೆಟ್ −15. ತುದಿಯಿಂದ ತುದಿಗೆ 203, ಅದರ ಅರ್ಧದಲ್ಲಿ 15 ಕಳೆದರೆ 86 ಚಿಲ್ಲರೆ. ಅಂದರೆ ಬ್ಯಾಕ್‌ಸ್ಪೇಸಿಂಗ್ ಬದಲಾಗಿಯೇ ಇಲ್ಲ! ರಿಮ್ ಒಳಗಡೆ ಮೊದಲಿದ್ದಲ್ಲೇ ಇದೆ. ಹೆಚ್ಚಾದ ಅಗಲ ಅಷ್ಟೂ, ಸುಮಾರು 38 ಮಿ.ಮೀ., ಹೊರಗೆ ಹೋಗಿದೆ.

ಟೈರೂ ರಿಮ್ಮಿನ ಜೊತೆ ಅಗಲ ಆಗುತ್ತದೆ. ರಿಮ್ ಅರ್ಧ ಇಂಚು ಅಗಲವಾದರೆ ಟೈರಿನ ಹೊಟ್ಟೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. 6 ಇಂಚಿನ ರಿಮ್ ಮೇಲೆ 215 ಮಿ.ಮೀ. ಅಗಲ ಇರುವ ಟೈರ್ 7 ಇಂಚಿನ ಮೇಲೆ ಹೆಚ್ಚೂಕಡಿಮೆ 225, ಕಂಪನಿಯ 5.5ರ ಮೇಲೆ 210. ಟೈರ್ ಅಗಲದ ಅರ್ಧದಲ್ಲಿ ಆಫ್‌ಸೆಟ್ ಕಳೆದು (− ಇದ್ದರೆ ಕೂಡಿಸಿ) ಲೆಕ್ಕ ಹಾಕಿದರೆ ಫ್ರೆಂಡ್ ಗಾಡಿಯಲ್ಲಿ ಟೈರಿನ ಹೊರಮೈ ಮೊದಲಿಗಿಂತ 7-8 ಮಿ.ಮೀ. ಮಾತ್ರ ಮುಂದೆ ಬಂದಿದೆ. ಇವನದರಲ್ಲಿ 35. ಎತ್ತರ ಇಬ್ಬರಿಗೂ ಒಂದೇ: ಹಳೇ ಟೈರಿನ ವ್ಯಾಸ 693, ಹೊಸದು 703.5.

ಆದರೆ ಹೊರಗೆ ಚಾಚಿದ ಟೈರ್ ಮುಂದಿರುವ ಬಂಪರಿಗೆ ಯಾಕೆ ಹೊಡೆಯಬೇಕು? ಮುಂಚಕ್ರ ತಾನು ನಿಂತ ಜಾಗದಲ್ಲೇ ತಿರುಗುವುದಿಲ್ಲ. ಒಳಗಡೆ ಇರುವ ಒಂದು ಕೀಲಿನ ಸುತ್ತ ತಿರುಗುತ್ತದೆ, ಬಾಗಿಲು ತಿರುಗಿದ ಹಾಗೆ. ಬಾಗಿಲು ಅಗಲವಾದಷ್ಟೂ ಅದರ ಅಂಚು ದೊಡ್ಡ ಸುತ್ತು ಹೊಡೆಯುತ್ತದೆ. ಚಕ್ರ ಕೀಲಿನಿಂದ ದೂರ ಹೋದರೂ ಹಾಗೆಯೇ. ಎಡಕ್ಕೆ ತಿರುಗಿಸಿದಾಗ ಬಲಚಕ್ರ ಸ್ವಲ್ಪ ಮುಂದಕ್ಕೆ ಬೀಸುತ್ತದೆ, ಅದರ ಹೊರಮೂಲೆ ಬಂಪರಿಗೆ ತಾಗುತ್ತದೆ.

ಬಂಪರ್ ಕತ್ತರಿಸಿಬಿಟ್ಟರೆ ಆಯಿತು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ, ಯಾಕೆಂದರೆ ಉಜ್ಜುವುದು ಕಣ್ಣಿಗೆ ಕಾಣುವ ಭಾಗ ಅಷ್ಟೇ. ನೀರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿಯಿರಿ, ಹತ್ತು ಹೆಜ್ಜೆಗೆ ರಟ್ಟೆ ಸೋಲುತ್ತದೆ. ಹೊರಗೆ ಚಾಚಿದ ಚಕ್ರವನ್ನು ಹೊರುವ ವೀಲ್ ಬೇರಿಂಗಿನ ಪಾಡೂ ಅದೇ. ಕಲ್ಲಿಗೆ ಹೊಡೆದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಜಗ್ಗುತ್ತದೆ. 25 ಮಿ.ಮೀ. ಸ್ಪೇಸರ್, ಅಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆ, ಹಾಕಿದರೂ ಇದೇ ಕಥೆ. ಬ್ಯಾಕ್‌ಸ್ಪೇಸಿಂಗ್ ಅಷ್ಟು ಕಡಿಮೆಯಾಯಿತು ಅಂತ ಅರ್ಥ.

ಹಾಗಂತ ಸುಮ್ನೆ ಒಳಗೆ ತಳ್ಳುವುದೂ ಸರಿಯಲ್ಲ. ಅಲ್ಲಿ ಬ್ರೇಕ್, ಸ್ಟೇರಿಂಗ್ ರಾಡು, ಸಸ್ಪೆನ್ಷನ್ ತೋಳು ಎಲ್ಲ ಇವೆ. ಬಂಪರ್ ತೇದರೆ ಪ್ಲಾಸ್ಟಿಕ್ ಹೋಗುತ್ತದೆ. ಒಳಗೆ ಕಬ್ಬಿಣಕ್ಕೆ ಉಜ್ಜಿದರೆ ಟೈರಿನ ಪಕ್ಕವೇ ಸೀಳುತ್ತದೆ.

ಕಲ್ಲುದಾರಿಯಲ್ಲಿ ಹಿಡಿತ ಬೇಕು ಅಂತ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸುವವರಿಗೆ ರಿಮ್ ಅಗಲ ಇನ್ನೂ ಮುಖ್ಯ. ಅಗಲ ರಿಮ್ ಮೇಲೆ ಟೈರಿನ ಪಕ್ಕ ಹೊರಗೆ ಎಳೆದುಕೊಂಡು ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ರಿಮ್ಮಿನ ಅಂಚು ನೇರವಾಗಿ ಕಲ್ಲಿಗೆ ಸಿಗುತ್ತದೆ, ಗಾಳಿ ಕಡಿಮೆ ಇದ್ದಾಗ ಬೀಡ್ ಕಳಚುವ ಭಯವೂ ಜಾಸ್ತಿ. ಸ್ವಲ್ಪ ಕಿರಿದಾದ ರಿಮ್ ಮೇಲೆ ಟೈರಿನ ಹೊಟ್ಟೆ ಉಬ್ಬಿ ರಿಮ್ಮನ್ನು ಕಾಯುತ್ತದೆ, ಬೀಡನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ತೀರಾ ಕಿರಿದಾದರೆ ಟೈರಿನ ಮೈ ಗುಂಡಗಾಗಿ ನಡುಭಾಗ ಬೇಗ ಸವೆಯುತ್ತದೆ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಇಂಚಿನ ರಿಮ್ ಅಂತ ಕಂಪನಿಯವರೇ ಹೇಳಿರುತ್ತಾರೆ. ಬೆಟ್ಟದ ದಾರಿಗೆ ನಾನಂತೂ ಆ ಮಿತಿಯ ಕಿರಿದಾದ ಕಡೆಯನ್ನೇ ಆರಿಸುತ್ತೇನೆ.

ಮರುದಿನ ಹುಡುಗ ಮನೆಯ ಹಿಂದೆ ಬಿದ್ದಿದ್ದ ಹಳೇ ರಿಮ್‌ಗಳನ್ನು ತೊಳೆದು ತಂದ. ಟೈರ್ ಬದಲಾಯಿಸಿದ ಮೇಲೆ ಗಾಡಿಯ ಒಂದು ಮುಂಚಕ್ರವನ್ನು ಅಂಗಡಿ ಪಕ್ಕದ ಮಣ್ಣುದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಅದುಮಿದಾಗ ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ನೋಡಿದೆವು. ಸಪಾಟು ನೆಲದ ಮೇಲೆ ನಿಲ್ಲಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ. ನಾನು ಕೆಳಗೆ ಕೂತು ಟೈರಿಗೂ ಬಂಪರಿಗೂ ನಡುವೆ ಬೆರಳು ತೂರಿಸಿದೆ. ಎರಡು ಬೆರಳು ಸಲೀಸಾಗಿ ಹೋದವು.