ಕಾರಿನ ಕೊಟೇಷನ್‌ನಲ್ಲಿ ಕಂಪನಿ ರಿಯಾಯಿತಿ ಒಂದು ಸಾಲು ಮಾತ್ರ

ಸೇಡಂ, ವಾಡಿ ಭಾಗದ ಸಿಮೆಂಟ್ ಕಾರ್ಖಾನೆಗಳ ನೌಕರರು, ವಿಶ್ವವಿದ್ಯಾಲಯದ ಅಧ್ಯಾಪಕರು, ಬ್ಯಾಂಕಿನವರು, ಸರ್ಕಾರಿ ಶಾಲೆಗಳ ಶಿಕ್ಷಕರು ಆದಾಯ ತೆರಿಗೆಯ ಕಾಗದಪತ್ರಗಳ ಜೊತೆಗೆ ಹೊಸ ಕಾರಿನ ಕೊಟೇಷನ್ನನ್ನೂ ಹಿಡಿದುಕೊಂಡು ನನ್ನ ಕಚೇರಿಗೆ ಬರುವುದು ಕಲಬುರಗಿಯಲ್ಲಿ ಈಗ ಸಾಮಾನ್ಯವಾಗಿದೆ. ಸಾಲದ ಕಂತು ಎಷ್ಟು ಬರುತ್ತದೆ, ಯಾವ ಬ್ಯಾಂಕು ಮೇಲು ಎಂದು ಕೇಳಲು ಬಂದವರು ಮೊದಲು ಹೇಳುವ ಮಾತು ಮಾತ್ರ ಒಂದೇ ಆಗಿರುತ್ತದೆ: "ಸಾಹೇಬ್ರ, ನಮ್ಮ ಕಂಪನಿ ಕಡಿಂದ ಇಪ್ಪತ್ತು ಸಾವಿರ ಕಡಿಮಿ ಆಗ್ಯಾದ್ರಿ." ಆ ಸಂತೋಷ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತಿನ ನಂತರ ಅವರು ಕೊಟೇಷನ್ನಿನ ಉಳಿದ ಸಾಲುಗಳನ್ನು ಓದುವುದನ್ನೇ ನಿಲ್ಲಿಸಿರುತ್ತಾರೆ. ನನಗೆ ಬೇಸರ ತರುವುದು ಅದು.

ಈ ರಿಯಾಯಿತಿಯನ್ನು ನೀವು ಕೆಲಸ ಮಾಡುವ ಕಂಪನಿ ಕೊಡುವುದಿಲ್ಲ. ಇದನ್ನು ನಾನು ಎಷ್ಟು ಬಾರಿ ಹೇಳಿದರೂ ಸಾಲದು. ಕಾರು ತಯಾರಿಸುವ ಸಂಸ್ಥೆಯು ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳಲು ಕೆಲವು ಕಂಪನಿಗಳ, ಇಲಾಖೆಗಳ, ವೃತ್ತಿಗಳ ಪಟ್ಟಿ ಮಾಡಿಕೊಂಡು, ಆ ಪಟ್ಟಿಯಲ್ಲಿರುವವರಿಗೆ ಇಂತಿಂಥ ಮಾದರಿಯ ಮೇಲೆ ಇಷ್ಟು ಎಂದು ನಿಗದಿ ಮಾಡುತ್ತದೆ. ನಿಮ್ಮ ಕಂಪನಿಯ ಪಾತ್ರವೆಂದರೆ ನೀವು ಅಲ್ಲಿ ನೌಕರರು ಎಂಬುದನ್ನು ಗುರುತಿನ ಚೀಟಿ, ಸಂಬಳದ ಸ್ಲಿಪ್ಪು ಅಥವಾ ಪತ್ರದ ಮೂಲಕ ದೃಢಪಡಿಸುವುದಷ್ಟೇ. ಡೀಲರ್ ಆ ಮೊತ್ತವನ್ನು ನಿಮಗೆ ಬಿಟ್ಟುಕೊಟ್ಟು, ನಂತರ ತಯಾರಕರಿಂದ ವಸೂಲು ಮಾಡಿಕೊಳ್ಳುತ್ತಾನೆ. ಕೆಲವು ಯೋಜನೆಗಳಲ್ಲಿ ಒಂದು ಪಾಲನ್ನು ಡೀಲರನೇ ಹೊರಬೇಕಾಗುತ್ತದೆ. ಇದರ ಹೊರತಾಗಿ, ತನ್ನ ಲಾಭಾಂಶದಿಂದ ಡೀಲರ್ ಬಿಡುವ ನಗದು ರಿಯಾಯಿತಿ ಬೇರೆಯೇ ಇದೆ. ಚೌಕಾಶಿಗೆ ಸಿಗುವುದು ಈ ಎರಡನೆಯದು. ನೀವು ಮೊದಲ ಭೇಟಿಯಲ್ಲಿಯೇ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು, ಸಿಕ್ಕ ಇಪ್ಪತ್ತು ಸಾವಿರಕ್ಕೆ ತೃಪ್ತರಾಗಿ ಕುಳಿತರೆ, ಆ ಎರಡನೆಯ ರಿಯಾಯಿತಿ ಸದ್ದಿಲ್ಲದೆ ಕರಗಿಹೋಗುವ ಸಾಧ್ಯತೆ ಇದೆ.

ಎಲ್ಲ ಡೀಲರುಗಳೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಎರಡು ರಿಯಾಯಿತಿಗಳನ್ನು ಒಟ್ಟಿಗೆ ಕೊಡಬಾರದೆಂಬ ಷರತ್ತು ಕೆಲವು ಯೋಜನೆಗಳಲ್ಲಿ ನಿಜವಾಗಿಯೂ ಇರುತ್ತದೆ. ಕಂಪನಿ ನೌಕರರ ರಿಯಾಯಿತಿ ಮತ್ತು ಗ್ರಾಮೀಣ ಗ್ರಾಹಕರ ರಿಯಾಯಿತಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆನ್ನುವುದು ಸಾಮಾನ್ಯ. ಹಳೆಯ ಗಾಡಿಯ ಎಕ್ಸ್‌ಚೇಂಜ್ ಬೋನಸ್ ಬಹುತೇಕ ಪ್ರತ್ಯೇಕವಾಗಿಯೇ ಇರುತ್ತದೆ. ಯಾವುದರ ಜೊತೆಗೆ ಯಾವುದು ಸಿಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ, ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಕೊಟೇಷನ್ನಿನಲ್ಲಿಯೇ ಬರೆಸಿಕೊಳ್ಳಬೇಕು.

ಸೇಡಂ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಯುವಕರೊಬ್ಬರು ಒಂದೇ ಕಾರಿನ ಎರಡು ಕೊಟೇಷನ್ ತಂದಿದ್ದರು. ಒಂದನ್ನು ಅವರ ಭಾವ ಯಾವ ಕಾರ್ಡನ್ನೂ ತೋರಿಸದೆ ತೆಗೆದುಕೊಂಡಿದ್ದರು. ಇನ್ನೊಂದು ಕಂಪನಿ ರಿಯಾಯಿತಿಯದು. ಲೆಕ್ಕಕ್ಕೆ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಎಕ್ಸ್‌ ಶೋರೂಮ್ ಬೆಲೆ, ಅಂದರೆ ರಸ್ತೆ ತೆರಿಗೆ ಮತ್ತು ವಿಮೆ ಸೇರಿಸುವ ಮೊದಲಿನ ಬೆಲೆ, ಎರಡರಲ್ಲೂ 9,00,000 ರೂಪಾಯಿ. ಭಾವನ ಕೊಟೇಷನ್ನಿನಲ್ಲಿ ಡೀಲರ್ ರಿಯಾಯಿತಿ 35,000, ವಿಮೆ 38,000. ಯುವಕನದರಲ್ಲಿ ಕಂಪನಿ ರಿಯಾಯಿತಿ 20,000, ಡೀಲರ್ ರಿಯಾಯಿತಿ 15,000, ವಿಮೆ 46,000, ಜೊತೆಗೆ ಸೀಟ್ ಕವರ್, ಮ್ಯಾಟ್, ಕೋಟಿಂಗ್ ಎಂದು 14,000 ರೂಪಾಯಿಯ ಸಾಮಗ್ರಿ ಪ್ಯಾಕೇಜು. ರಸ್ತೆ ತೆರಿಗೆ ಎರಡರಲ್ಲೂ ಒಂದೇ. ರಿಯಾಯಿತಿಗಳ ಮೊತ್ತ ಎರಡರಲ್ಲೂ 35,000ವೇ ಆಗಿತ್ತು. ಆದರೆ ಕಂಪನಿ ರಿಯಾಯಿತಿ ಪಡೆದವರು ಕೊನೆಯಲ್ಲಿ 22,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ಅವರು ಬಹಳ ಹೊತ್ತು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಮತ್ತ ಕಾರ್ಡ್ ತೋರ್ಸಿ ಏನ್ ಬಂತ್ರಿ?" ಎಂದು ಕೇಳಿದರು. ಕಾರ್ಡಿನಿಂದ 20,000 ಬಂದಿದ್ದು ನಿಜ. ಅಷ್ಟೇ ಮೊತ್ತ ಡೀಲರ್ ರಿಯಾಯಿತಿಯಿಂದ ಹೊರಟುಹೋಗಿತ್ತು, ಉಳಿದದ್ದು ವಿಮೆ ಮತ್ತು ಸಾಮಗ್ರಿಯಲ್ಲಿ ಸೇರಿತ್ತು.

ಆದ್ದರಿಂದ ಒಂದೇ ಮಾದರಿ, ಒಂದೇ ವೇರಿಯಂಟ್, ಒಂದೇ ಬಣ್ಣಕ್ಕೆ, ಒಂದೇ ವಾರದಲ್ಲಿ, ಕಂಪನಿ ರಿಯಾಯಿತಿ ಇಲ್ಲದೆ ಒಂದು ಮತ್ತು ಇದ್ದು ಒಂದು, ಹೀಗೆ ಎರಡು ಪೂರ್ಣ ಕೊಟೇಷನ್ ಪಡೆಯಿರಿ. ಮೊದಲು ಇಲ್ಲದ್ದನ್ನು ಕೇಳಿ; ಚೌಕಾಶಿ ಮುಗಿದು ಡೀಲರ್ ರಿಯಾಯಿತಿ ಬರಹದಲ್ಲಿ ನಿಂತ ಮೇಲೆ ಗುರುತಿನ ಚೀಟಿ ತೋರಿಸಿ. ಆಗ ಆನ್ ರೋಡ್ ಮೊತ್ತ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ ಕಟ್ಟುವ ಮೊತ್ತ, ಇಳಿದರೆ ಮಾತ್ರ ರಿಯಾಯಿತಿ ನಿಮ್ಮ ಜೇಬಿಗೆ ಬಂದಿದೆ ಎಂದರ್ಥ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಸಂಕೋಚವೂ ಬೇಡ. ನಮ್ಮ ಭಾಗದ ಜನ ಶೋರೂಮಿನಲ್ಲಿ ಚಹಾ ಕುಡಿದ ಮೇಲೆ ಹಣದ ಮಾತು ಬಿಗಿಯಾಗಿ ಆಡಲು ಹಿಂಜರಿಯುತ್ತಾರೆ. ಆ ಸೌಜನ್ಯ ನನಗೆ ಇಷ್ಟವೇ. ಆದರೆ ಐದು ಅಥವಾ ಏಳು ವರ್ಷ ಕಂತು ಕಟ್ಟುವವರು ಅವರೇ.

ವಿಮೆಯ ಸಾಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕೊಟ್ಟ ರಿಯಾಯಿತಿ ಹೆಚ್ಚಾಗಿ ವಾಪಸು ಹೋಗುವುದು ಅಲ್ಲಿಂದಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಖಾಸಗಿ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) ಕಡ್ಡಾಯವಾಗಿದೆ. ಅದರ ಪ್ರೀಮಿಯಂ ಸರ್ಕಾರ ನಿಗದಿಪಡಿಸಿದ್ದು. ಯಾವ ವಿಮಾ ಕಂಪನಿಯಲ್ಲಿ ಮಾಡಿಸಿದರೂ ಒಂದೇ. ವ್ಯತ್ಯಾಸ ಬರುವುದು ನಿಮ್ಮ ಗಾಡಿಗೆ ಆಗುವ ಹಾನಿಯ ವಿಮೆಯಲ್ಲಿ ಮತ್ತು ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವುದು) ಮೊದಲಾದ ಹೆಚ್ಚುವರಿ ರಕ್ಷಣೆಯ ಆಡ್ ಆನ್‌ಗಳಲ್ಲಿ. ಶೋರೂಮಿನ ಮೂಲಕವೇ ವಿಮೆ ಮಾಡಿಸಬೇಕೆಂದು ಗ್ರಾಹಕರನ್ನು ಒತ್ತಾಯಿಸುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇದೆ. ಹೊರಗಿನಿಂದ ಒಂದು ದರ ತರಿಸಿ. ಆದರೆ ಗಾಡಿಯ ಘೋಷಿತ ಮೌಲ್ಯ (ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ) ಮತ್ತು ಆಡ್ ಆನ್‌ಗಳು ಎರಡರಲ್ಲೂ ಒಂದೇ ಇವೆಯೇ ಎಂದು ನೋಡದೆ ಅಗ್ಗದ್ದನ್ನು ಆರಿಸಬೇಡಿ. "ವಿಮೆ ಹೊರಗಡೆ ಮಾಡಿಸಿದರೆ ರಿಯಾಯಿತಿ ಇಲ್ಲ" ಎಂದರೆ, ಆ ಮಾತನ್ನು ಬರೆದು ಕೊಡುವಂತೆ ಕೇಳಿ.

ರಿಯಾಯಿತಿ ಯಾವ ರೂಪದಲ್ಲಿ ಬರುತ್ತದೆ ಎಂಬುದೂ ಮುಖ್ಯ. ಅದು ತೆರಿಗೆ ಬಿಲ್ಲಿನಲ್ಲಿಯೇ ಕಾಣಬೇಕು. 20,000 ರೂಪಾಯಿ ಬೆಲೆಯ ಸಾಮಗ್ರಿ ಉಚಿತ ಎಂದರೆ ಅದು 20,000 ರೂಪಾಯಿ ರಿಯಾಯಿತಿ ಅಲ್ಲ. ಹಾಗೆಯೇ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪ್ರತಿಶತಕ್ಕೆ ಇಳಿದು, ದೊಡ್ಡ ಕಾರುಗಳಿಗೆ ಸೆಸ್ ತೆಗೆದು 40 ಪ್ರತಿಶತ ಮಾಡಿದ್ದರಿಂದ ಬೆಲೆ ಇಳಿದಿದ್ದು ಎಲ್ಲರಿಗೂ ಇಳಿದಿದೆ. ಅದನ್ನೂ ಸೇರಿಸಿ ‘ಒಟ್ಟು ಲಾಭ’ ಎಂದು ತೋರಿಸಿದರೆ ಬೇರ್ಪಡಿಸಿ ನೋಡಿ.

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ 14 ಪ್ರತಿಶತ, 10ರಿಂದ 20 ಲಕ್ಷದವರೆಗೆ 17 ಪ್ರತಿಶತ, ಅದರ ಮೇಲೆ ಸೆಸ್. ಹತ್ತು ಲಕ್ಷದ ಗೆರೆಯ ಆಸುಪಾಸಿನ ಕಾರು ನೋಡುವವರು ರಿಯಾಯಿತಿಯಿಂದ ಗೆರೆಯ ಕೆಳಗೆ ಬಂದುಬಿಡುತ್ತೇವೆ ಎಂದು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕೊಟೇಷನ್ನುಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಬೆಲೆಯ ಮೇಲೆಯೇ ತೆರಿಗೆ ಹಾಕಿರುತ್ತಾರೆ. ಆ ಉಳಿತಾಯವನ್ನು ನಂಬಿ ಬಜೆಟ್ ಮಾಡಬೇಡಿ. ಬೀದರ್‌ನವರು ಹೈದರಾಬಾದ್‌ನಲ್ಲಿ ರಿಯಾಯಿತಿ ಹೆಚ್ಚೆಂದು ಅಲ್ಲಿ ಕೊಂಡರೂ, ಗಾಡಿಯನ್ನು ಊರಿನಲ್ಲಿಟ್ಟು ಓಡಿಸುವವರು ಕೆಎ 38ರಲ್ಲಿ ನೋಂದಾಯಿಸಿ ಕರ್ನಾಟಕದ ತೆರಿಗೆಯನ್ನೇ ಕಟ್ಟಬೇಕು. ಬೀದರ್ ವಾಯುನೆಲೆಯ ಸಿಬ್ಬಂದಿ ಮತ್ತು ಮಾಜಿ ಸೈನಿಕರಿಗೆ ಇರುವ ಸಿಎಸ್‌ಡಿ ಕ್ಯಾಂಟೀನ್ ಬೆಲೆ ಪೂರ್ತಿ ಬೇರೆ ವ್ಯವಸ್ಥೆ. ಅದನ್ನು ಇದರೊಡನೆ ಬೆರೆಸಬಾರದು.

ಇನ್ನು ಗಾಡಿ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ. ನಮ್ಮಲ್ಲಿ ಮಗ ನೌಕರಿಗೆ ಸೇರಿದ ಮೇಲೂ ಮನೆಯ ಗಾಡಿ ಅಪ್ಪನ ಹೆಸರಿನಲ್ಲಿ ಇರಬೇಕೆನ್ನುವವರು ಬಹಳ. ಕಂಪನಿ ರಿಯಾಯಿತಿಗೆ ಬಿಲ್ಲು ನೌಕರನ ಹೆಸರಿನಲ್ಲಿರಬೇಕು. ಕೆಲವು ಯೋಜನೆಗಳು ಮಾತ್ರ ಹತ್ತಿರದ ಸಂಬಂಧಿಗಳಿಗೂ ಅವಕಾಶ ಕೊಡುತ್ತವೆ. ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರರೊಬ್ಬರ ಮಗ ರಿಯಾಯಿತಿಗಾಗಿ ತನ್ನ ಹೆಸರಿಗೇ ಬುಕ್ ಮಾಡಲು ಹೊರಟಿದ್ದ. ಅಪ್ಪನ ಹಳೆಯ ಕಾರಿಗೆ ವರ್ಷಗಳಿಂದ ಯಾವ ಕ್ಲೇಮೂ ಆಗಿರಲಿಲ್ಲ. 50 ಪ್ರತಿಶತ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಗಾಡಿಯ ಹಾನಿಯ ವಿಮೆಯ ಪ್ರೀಮಿಯಂನಲ್ಲಿ ಸಿಗುವ ಕಡಿತ, ಜಮೆಯಾಗಿತ್ತು. ಆ ಬೋನಸ್ ಗಾಡಿಯದಲ್ಲ, ಮಾಲೀಕನದು: ಹಳೆಯ ಗಾಡಿ ಮಾರಿ ವಿಮಾ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಅದೇ ಮಾಲೀಕನ ಹೊಸ ಗಾಡಿಗೆ ಬಳಸಬಹುದು, ಮಗನ ಗಾಡಿಗೆ ಬಳಸಲು ಬರುವುದಿಲ್ಲ. ಎರಡನ್ನೂ ತೂಗಿ ನೋಡಿದಾಗ, ಅವರು ಆರಿಸಿದ್ದ ಮಾದರಿಗೆ ಸಿಗುವ ಕಂಪನಿ ರಿಯಾಯಿತಿ ಸಣ್ಣದಾಗಿದ್ದರಿಂದ ಅಪ್ಪನ ಹೆಸರಿನಲ್ಲಿ ಕೊಳ್ಳುವುದೇ ಲಾಭವಾಯಿತು. ಬೇರೆ ಮನೆಯಲ್ಲಿ ಲೆಕ್ಕ ಉಲ್ಟಾ ಆಗಬಹುದು. ಹತ್ತು ಲಕ್ಷ ಮೀರಿದ ಗಾಡಿಗೆ ಡೀಲರ್ ಕಟ್ಟಿಸಿಕೊಳ್ಳುವ 1 ಪ್ರತಿಶತ ಟಿಸಿಎಸ್ (ಮಾರುವವರು ಮೂಲದಲ್ಲಿಯೇ ಸಂಗ್ರಹಿಸುವ ಆದಾಯ ತೆರಿಗೆ) ಕೂಡ ಬಿಲ್ಲಿನಲ್ಲಿ ಹೆಸರಿರುವವರ ಪ್ಯಾನ್‌ಗೆ ಜಮೆಯಾಗುವುದರಿಂದ, ರಿಟರ್ನ್ ಸಲ್ಲಿಸದ ಹಿರಿಯರ ಹೆಸರಿನಲ್ಲಿ ಕೊಂಡರೆ ಆ ಹಣ ವಾಪಸು ಪಡೆಯಲು ಆ ವರ್ಷ ರಿಟರ್ನ್ ಸಲ್ಲಿಸಲೇಬೇಕು.

ಬುಕಿಂಗ್ ರಸೀದಿ ಕೈಯಲ್ಲಿದೆಯೆಂದು ರಿಯಾಯಿತಿ ಗಟ್ಟಿಯಾಯಿತೆಂದು ತಿಳಿಯಬೇಡಿ. ಸಾಮಾನ್ಯವಾಗಿ ಅನ್ವಯಿಸುವುದು ಬಿಲ್ಲು ಆದ ತಿಂಗಳ ಯೋಜನೆ, ಬುಕ್ ಮಾಡಿದ ತಿಂಗಳದ್ದಲ್ಲ. ದೀಪಾವಳಿಗೆ ಮುಂಚೆ ಬುಕ್ ಮಾಡಿ, ಗಾಡಿ ಬರುವುದು ತಡವಾಗಿ ಮುಂದಿನ ತಿಂಗಳು ಬಿಲ್ಲಾದರೆ ಮೊತ್ತ ಬದಲಾಗಬಹುದು. ಬುಕಿಂಗ್ ಫಾರಂನಲ್ಲಿಯೇ ರಿಯಾಯಿತಿಯ ಮೊತ್ತವನ್ನೂ, ಅದು ಸಿಗದಿದ್ದರೆ ಮುಂಗಡ ಪೂರ್ತಿ ಹಿಂತಿರುಗಿಸಬೇಕೆಂಬ ಷರತ್ತನ್ನೂ ಬರೆಸಿ, ಶೋರೂಮಿನ ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ನೌಕರರು ನಡತೆ ನಿಯಮಗಳ ಪ್ರಕಾರ ಈ ಖರೀದಿಯನ್ನು ಇಲಾಖೆಗೆ ತಿಳಿಸುವಾಗ ಪಟ್ಟಿ ಬೆಲೆಯನ್ನಲ್ಲ, ಬಿಲ್ಲಿನ ಮೊತ್ತವನ್ನು ಬರೆದು, ಬಿಲ್ಲಿನ ಪ್ರತಿಯನ್ನು ಲಗತ್ತಿಸಬೇಕು.