ಪಾದರಸ ಬಿಟ್ಟು ಚಿನ್ನ: ಒಂದು ಕ್ಯಾಟಲಿಸ್ಟ್ ಬದಲಾದ ಕಥೆ

ಪಿವಿಸಿ ಪೈಪ್ ಎಲ್ರಿಗೂ ಗೊತ್ತು, ಆದ್ರೆ ಅದನ್ನ ಮಾಡೋಕೆ ಪಾದರಸ ಬಳಸ್ತಾರೆ ಅಂದ್ರೆ ಬಹಳ ಜನ ನಂಬಲ್ಲ. ಪೈಪ್ ಒಳಗಲ್ಲ, ಫ್ಯಾಕ್ಟರಿಲಿ. ಚೀನಾದಲ್ಲಿ ಕಲ್ಲಿದ್ದಲಿಂದ ಕಾರ್ಬೈಡ್, ಕಾರ್ಬೈಡಿಂದ ಅಸಿಟಿಲೀನ್ ಮಾಡ್ಕೊಂಡು ಅದಕ್ಕೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿ ಪಿವಿಸಿಯ ಕಚ್ಚಾವಸ್ತುವಾದ ವಿನೈಲ್ ಕ್ಲೋರೈಡ್ ತೆಗೀತಾರೆ, ಇವೆರಡು ಗ್ಯಾಸ್ ಕೂಡ್ಕೊಳ್ಳೋಕೆ ದಶಕಗಳಿಂದ ಬಳಸಿದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಿಯಾಕ್ಷನ್ ಬೇಗ ಆಗೋ ಹಾಗೆ ಮಾಡೋ ವಸ್ತು) ಅಂದ್ರೆ ಆಕ್ಟಿವೇಟೆಡ್ ಕಾರ್ಬನ್, ಅಂದ್ರೆ ಸಣ್ಣ ಸಣ್ಣ ರಂಧ್ರಗಳಿರೋ ಇದ್ದಿಲು, ಅದರ ಮೇಲೆ ಕೂರಿಸಿದ ಮರ್ಕ್ಯುರಿಕ್ ಕ್ಲೋರೈಡ್ ಅನ್ನೋ ಪಾದರಸದ ಲವಣ. ರಿಯಾಕ್ಟರ್ ಬಿಸಿಗೆ ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗ್ತಾನೇ ಇರುತ್ತೆ.

ಇಂಥದ್ದನ್ನ ಯಾಕೆ ಆರಿಸ್ಕೊಂಡ್ರು? ಆಗೆಲ್ಲ ಕೇಳ್ತಿದ್ದದ್ದು ಒಂದೇ, ಕೆಲಸ ಆಗುತ್ತಾ ಇಲ್ವಾ ಅಂತ. ಅಮೋನಿಯಾ ಮಾಡೋ ಕ್ಯಾಟಲಿಸ್ಟ್ ಕಥೆನೇ ನೋಡಿ, ಜರ್ಮನಿಯ ಕೆಮಿಕಲ್ ಕಂಪನಿ ಬಿಎಎಸ್‌ಎಫ್‌ನ ಆಲ್ವಿನ್ ಮಿಟಾಶ್ ಸಾವಿರಾರು ಸ್ಯಾಂಪಲ್ ಪರೀಕ್ಷೆ ಮಾಡಿಸಿ ಕೊನೆಗೆ ಕಬ್ಬಿಣಕ್ಕೆ ಬಂದು ನಿಂತ್ರು, 1913ರಲ್ಲಿ ಕಂಪನಿಯ ಒಪ್ಪೌ ಅಮೋನಿಯಾ ಪ್ಲಾಂಟ್ ಶುರುವಾಯ್ತು, ಆದ್ರೆ ಕಬ್ಬಿಣದ ಮೇಲ್ಮೈಲಿ ನಿಜವಾಗಿ ಏನಾಗುತ್ತೆ ಅಂತ ಬಿಡಿಸಿ ತೋರಿಸಿದ್ದು ಗೆರ್ಹಾರ್ಡ್ ಎರ್ಟ್ಲ್, ಅವ್ರಿಗೆ ನೊಬೆಲ್ ಬಂದಿದ್ದು 2007ರಲ್ಲಿ!

ಪಾದರಸದ ಬೆಲೆ ಏನು ಅಂತ ಜಪಾನಿನ ಮಿನಮಾಟ ಅನ್ನೋ ಊರು ತೋರಿಸ್ತು. ಅಲ್ಲೂ ಅಸಿಟಿಲೀನೇ. ಚಿಸ್ಸೋ ಕಂಪನಿ 1932ರಿಂದ 1968ರವರೆಗೆ ಪಾದರಸದ ಕ್ಯಾಟಲಿಸ್ಟ್ ಹಾಕಿ ಅಸಿಟಾಲ್ಡಿಹೈಡ್ ಅನ್ನೋ ಕೆಮಿಕಲ್ ಮಾಡ್ತಿತ್ತು, ಆ ಪ್ರಕ್ರಿಯೆಲೇ ಹುಟ್ಟಿದ ಮೀಥೈಲ್ ಮರ್ಕ್ಯುರಿ ಕೊಳೆನೀರಲ್ಲಿ ಸಮುದ್ರ ಸೇರಿ, ಮೀನಿನ ಮೂಲಕ ಜನರ ನರಮಂಡಲ ಹಾಳು ಮಾಡ್ತು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಕ್ಯಾಟಲಿಸ್ಟ್ ನಿಲ್ಲಿಸೋಕೆ ಆಮೇಲೂ ಹನ್ನೆರಡು ವರ್ಷ ಬೇಕಾಯ್ತು.

ನಂಗೆ ಇಷ್ಟ ಆಗೋ ಭಾಗ ಇನ್ಮುಂದೆ. 1980ರ ದಶಕದಲ್ಲಿ ರಸಾಯನ ವಿಜ್ಞಾನಿ ಗ್ರಹಾಂ ಹಚಿಂಗ್ಸ್ ಬೇರೆ ಬೇರೆ ಲೋಹದ ಕ್ಲೋರೈಡ್‌ಗಳು ಈ ವಿನೈಲ್ ಕ್ಲೋರೈಡ್ ರಿಯಾಕ್ಷನ್‌ನಲ್ಲಿ ಎಷ್ಟು ಚುರುಕು ಅನ್ನೋದನ್ನ ಅವುಗಳ ಎಲೆಕ್ಟ್ರೋಡ್ ಪೊಟೆನ್ಷಿಯಲ್ (ಎಲೆಕ್ಟ್ರಾನ್ ಎಳ್ಕೊಳ್ಳೋ ಶಕ್ತಿಯ ಅಳತೆ) ಜೊತೆ ಗ್ರಾಫ್ ಹಾಕಿ, ಹಾಗಾದ್ರೆ ಎಲ್ಲಕ್ಕಿಂತ ಮೇಲೆ ಚಿನ್ನ ಇರ್ಬೇಕು ಅಂದ್ರು. ಚಿನ್ನ ಯಾವ ರಿಯಾಕ್ಷನ್ನಿಗೂ ಮೈ ಬಗ್ಗಿಸಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಮಾಡಿ ನೋಡಿದ್ರೆ ಲೆಕ್ಕ ನಿಜ.

ಆದ್ರೂ ಫ್ಯಾಕ್ಟರಿಗೆ ಬರೋಕೆ ದಶಕಗಳೇ ಹಿಡೀತು. ಮೊದಮೊದಲು ಚಿನ್ನವನ್ನ ಕಾರ್ಬನ್ ಮೇಲೆ ಕೂರಿಸೋಕೆ ರಾಜೋದಕ, ಅಂದ್ರೆ ಚಿನ್ನವನ್ನೂ ಕರಗಿಸೋ ಆಸಿಡ್ ಮಿಶ್ರಣ, ಬೇಕಿತ್ತು, ದೊಡ್ಡ ಪ್ರಮಾಣದಲ್ಲಿ ಅಂಥ ಆಸಿಡ್ ಜೊತೆ ಏಗೋದು ದೊಡ್ಡ ತಲೆನೋವು. ಆಮೇಲೆ ಥಯೋಸಲ್ಫೇಟ್ ಅನ್ನೋ ಗಂಧಕದ ಲವಣ ಬಳಸಿ ನೀರಲ್ಲೇ ಮಾಡೋ ದಾರಿ ಸಿಕ್ತು, ಜಾನ್ಸನ್ ಮ್ಯಾಥೀ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. ಕೆಲಸ ಮಾಡ್ತಿರೋದು ಚಿನ್ನದ ಕಣಗಳಲ್ಲ, ಒಂದೊಂದಾಗಿ ಬಿಡಿಬಿಡಿಯಾಗಿ ಕೂತ ಪರಮಾಣುಗಳು ಅಂತ 2017ರಲ್ಲಿ ಎಕ್ಸ್‌ರೇ ಅಧ್ಯಯನ ತೋರಿಸ್ತು. ಅದಕ್ಕೇ ಬಹಳ ಕಮ್ಮಿ ಚಿನ್ನ ಸಾಕು. 2013ರ ಮಿನಮಾಟ ಒಪ್ಪಂದ ಪಾದರಸ ಬಿಡಿ ಅಂತ ಒತ್ತಡ ಹಾಕಿದ್ದೂ ಇದಕ್ಕೆ ಅನುಕೂಲ ಆಯ್ತು.

ಹಾಗಂತ ಈ ಪಿವಿಸಿ ಪೂರ್ತಿ ಗ್ರೀನ್ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ಒಪ್ಪಲ್ಲ, ಅಸಿಟಿಲೀನ್ ಈಗಲೂ ಕಲ್ಲಿದ್ದಲಿಂದಲೇ ಬರ್ತಿದೆ, ಕಾರ್ಬೈಡ್ ಕುಲುಮೆ ಕರೆಂಟ್ ಕುಡಿಯೋದು ಒಂಚೂರೂ ಕಮ್ಮಿ ಆಗಿಲ್ಲ.